ಮೊದಲು ನುಡಿಸುವವರಿಗೆ ಏನೂ ಕೇಳಿಸದು

ಸಂಗೀತ ಕಛೇರಿ ಬೆಳಗ್ಗೆ ಎಂಟಕ್ಕೆ ಎಂದಾಗ ನನ್ನ ಮಾವ ಚಮಚ ಕೆಳಗಿಟ್ಟರು.

"ಎಂಟಕ್ಕಾ? ಬೇಬಿ, ಆ ಹೊತ್ತಲ್ಲಿ ಪಾದ್ರಿಗಳೂ ಆಕಳಿಸ್ತಿರ್ತಾರೆ."

"ಕೋಪನ್‌ಹೇಗನ್‌ನಲ್ಲಿ ಆಗ ಮಧ್ಯಾಹ್ನ ಮೂರು, ಪಾ. ಒಸಾಕಾದಲ್ಲಿ ರಾತ್ರಿ ಹತ್ತು. ಮೂರು ಊರಿಗೂ ಒಗ್ಗೋ ಹೊತ್ತು ಅದೊಂದೇ."

"ನನಗೆ ಒಗ್ಗಲ್ಲ. ನಾನು ಬೆಳಗಿನ ಎಂಟು ಗಂಟೆ ನೋಡಿರೋದೆಲ್ಲ ಮಲಗೋಕೆ ಹೋಗ್ತಾ."

ಆದರೂ ಬೇಡ ಎನ್ನಲಿಲ್ಲ. ಚಮಚ ಎತ್ತಿಕೊಂಡು ಕೆಂಪು ಬೀನ್ಸ್ ಮತ್ತು ಅನ್ನ ಮುಗಿಸಿದರು. ಅವತ್ತು ಸೋಮವಾರ, ನಮ್ಮೂರಿನ ಮನೆಗಳಲ್ಲೆಲ್ಲ ಅದೇ ಊಟ.

ಮಾವನ ಹೆಸರು ನುಮಾ ಡೆಲರಿ. ವಯಸ್ಸು ಎಪ್ಪತ್ತಾರು. ಅದರಲ್ಲಿ ಅರವತ್ತು ವರ್ಷ ನ್ಯೂ ಆರ್ಲಿಯನ್ಸ್‌ನ ಕ್ಲಬ್ಬುಗಳಲ್ಲಿ, ನದಿಯ ಹಡಗುಗಳಲ್ಲಿ, ಊರವರ ಮದುವೆಗಳಲ್ಲಿ ಬೇಸ್ ನುಡಿಸಿದವರು. ಬೇಸ್ ಎಂದರೆ ಆಳಿಗಿಂತ ಎತ್ತರದ ಪಿಟೀಲು, ನಿಂತು ನುಡಿಸಬೇಕು. ಅವರದು ಡೆಲರಿ ಕ್ವಾರ್ಟೆಟ್, ನಾಲ್ಕು ಜನರ ತಂಡ. ಪಿಯಾನೊ ನುಡಿಸುವ ಪ್ರೇಬೆನ್ ಕೋಪನ್‌ಹೇಗನ್‌ನವರು. ಕ್ಲಾರಿನೆಟ್ ಊದುವ ಫುಮಿಯೆ ಒಸಾಕಾದವರು. ಡ್ರಮ್ಸ್ ನುಡಿಸುತ್ತಿದ್ದದ್ದು ನುಮಾ ಅವರ ಮಗ ಲುಸಿಯೆನ್, ನನ್ನ ಗಂಡ. ಹನ್ನೊಂದು ಬೇಸಿಗೆ ಅವರು ನಾಲ್ವರೂ ಎಲ್ಲಾದರೂ ಒಂದು ಊರಿನಲ್ಲಿ ಸೇರಿ ನುಡಿಸುತ್ತಿದ್ದರು.

ಅದು ಕೊರೊನಾದ ವರ್ಷ. ಏಪ್ರಿಲ್‌ನಲ್ಲಿ ಲುಸಿಯೆನ್ ಹೋದ. ಮೂವತ್ನಾಲ್ಕು ವರ್ಷ. ಕೊನೆಯ ಮಾತು ಫೋನಿನಲ್ಲಿ ಆಯಿತು. ಮಣ್ಣಿಗೆ ಹತ್ತು ಜನಕ್ಕಿಂತ ಹೆಚ್ಚು ಬರಬಾರದು ಎಂದಿದ್ದರು. ನಾವು ಏಳು ಜನ ದೂರ ದೂರ ನಿಂತೆವು. ಬಾಜಾ ಇರಲಿಲ್ಲ. ನಮ್ಮ ಟ್ರೆಮೇ ಬಡಾವಣೆಯಲ್ಲಿ ವಾದ್ಯಗಾರನೊಬ್ಬ ಬಾಜಾ ಇಲ್ಲದೆ ಮಣ್ಣಿಗೆ ಹೋದದ್ದು ಯಾರಿಗೂ ನೆನಪಿಲ್ಲ.

ಆಮೇಲೆ ನುಮಾ ಬೇಸ್‌ನ ಹೊದಿಕೆ ತೆಗೆಯಲಿಲ್ಲ. ಅದು ಮುಂದಿನ ಕೋಣೆಯ ಮೂಲೆಯಲ್ಲಿ, ಮಳೆಕೋಟು ಹಾಕಿಕೊಂಡು ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು. ನಾನು ದಿನಾ ಅದರ ಪಕ್ಕದಿಂದ ಹಾದು ಹೋಗುತ್ತಿದ್ದೆ. ಎರಡು ಸಲ "ಸ್ವಲ್ಪ ಜಾಗ" ಎಂದಿದ್ದೆ.

ಆಗಸ್ಟಿನಲ್ಲಿ ಕರೆ ಬಂತು. ಮೂವತ್ತು ಊರುಗಳ ಜಾಝ್ ತಂಡಗಳು ಒಂದು ಭಾನುವಾರ ಹತ್ತು ಗಂಟೆ ಕಾಲ ಒಂದರ ನಂತರ ಒಂದು ತಮ್ಮ ತಮ್ಮ ಮನೆಗಳಿಂದಲೇ ಅಂತರ್ಜಾಲದಲ್ಲಿ ನುಡಿಸಬೇಕು. ಲೋಕವೆಲ್ಲ ಕೂತಲ್ಲೇ ನೋಡಬೇಕು. ತಂಡಕ್ಕೆ ಇಪ್ಪತ್ತು ನಿಮಿಷ. ಸುದ್ದಿ ಹೇಳಿದ್ದು ಪ್ರೇಬೆನ್. ಅವರು ಎಳೆದು ಎಳೆದು ಮಾತಾಡುವವರು. ವಾಕ್ಯ ಮುಗಿಯುವ ಮೊದಲೇ ನುಮಾ ಒಪ್ಪಿದರು.

"ಒಂದು ಷರತ್ತು. ಒಟ್ಟಿಗೆ ನುಡಿಸ್ಬೇಕು. ಅದೇ ಕ್ಷಣದಲ್ಲಿ."

"ನುಮಾ, ಎಲ್ಲರೂ ಹೇಗೆ ಮಾಡ್ತಿದಾರೆ ಗೊತ್ತಲ್ಲ? ಒಬ್ಬೊಬ್ಬರು ಬೇರೆ ಬೇರೆ ನುಡಿಸಿ ಕಳಿಸ್ತಾರೆ. ಆಮೇಲೆ ಯಾರೋ ಒಬ್ಬರು ಕೂತು ಜೋಡಿಸ್ತಾರೆ."

"ಅದು ದರ್ಜಿ ಕೆಲಸ. ನನಗೆ ಹೊಲಿಗೆ ಬರಲ್ಲ."

ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಬಂದು ನನ್ನ ಎದುರು ಕೂತರು. ಚಿಕೋರಿ ಕಾಫಿಗೆ ಹಾಲು ಬೆರೆಸುತ್ತಾ ಹೇಳಿದರು.

"ಒಡೀಲ್, ಇದೊಂದು ಸಲ ನೋಡ್ತೀನಿ. ಆಗಲಿಲ್ಲ ಅಂದ್ರೆ ಪ್ರೇಬೆನ್‌ಗೆ ಬೇರೆ ಬೇಸ್‌ನವರನ್ನ ನೋಡ್ಕೋ ಅಂತೀನಿ. ನನ್ನ ಬೇಸು ಚರ್ಚ್ ಶಾಲೆಗೆ ಹೋಗ್ಲಿ. ಮಕ್ಕಳು ಏನಾದ್ರೂ ಮಾಡ್ಕೊಳ್ಳಲಿ."

ನುಮಾ ಬೆದರಿಸಲು ಮಾತಾಡುವವರಲ್ಲ. ಹೇಳಿದ್ದನ್ನು ಮಾಡುತ್ತಾರೆ. ನಾನು ಆ ಮೂಲೆ ಖಾಲಿಯಾಗಿರುವುದನ್ನು ಊಹಿಸಿಕೊಂಡೆ. ಆಮೇಲೆ ಕಂಪ್ಯೂಟರ್ ತೆರೆದೆ.

ನಾನು ಓದಿದ್ದು ಧ್ವನಿಶಾಸ್ತ್ರ. ನುಮಾ ಅದನ್ನು "ಗದ್ದಲದಲ್ಲಿ ಡಿಗ್ರಿ" ಎನ್ನುತ್ತಾರೆ.

ಮೊದಲ ಅಭ್ಯಾಸಕ್ಕೆ ನುಮಾ ಒಂದು ಹಾಡು ಆರಿಸಿದರು. "ಅರ್ಲೀನಳ ಬೆಂಡೆಕಾಯಿ." ಇದು ಅವರೇ ಕಟ್ಟಿದ ಹಾಡು. ಪಕ್ಕದ ಮನೆಯ ಮಿಸ್ ಅರ್ಲೀನ್ ಬೆಂಡೆಕಾಯಿ ಹಾಕಿ ಮಾಡುವ ಗಂಬೋ ಎಂಬ ಗಟ್ಟಿ ಸಾರನ್ನು ಮೂರು ತಟ್ಟೆ ಉಂಡು, ಮನೆಗೆ ನಡೆದು ಬರುವಷ್ಟರಲ್ಲಿ ಹೊಳೆದದ್ದಂತೆ. ಓಡುವ ಹಾಡು. ನಿಂತವರ ಕಾಲು ನಿಲ್ಲುವುದಿಲ್ಲ.

ಪರದೆಯ ಮೇಲೆ ಮೂರು ಚೌಕ, ಒಂದು ನಮ್ಮದೇ. ಒಂದರಲ್ಲಿ ಪ್ರೇಬೆನ್, ಹಿಂದೆ ಪುಸ್ತಕದ ಗೋಡೆ. ಒಂದರಲ್ಲಿ ಫುಮಿಯೆ, ಕೆಳಗಿನ ಮನೆಯವರಿಗೆ ಕೇಳದಿರಲೆಂದು ಬಾಗಿಲಿಗೆ ಹಾಸಿಗೆ ಒರಗಿಸಿಕೊಂಡಿದ್ದರು. ನುಮಾ ಹೊದಿಕೆ ತೆಗೆದು, ಶ್ರುತಿ ಮಾಡಿ, ಕಾಲಿನಿಂದ ನಾಲ್ಕು ಎಣಿಸಿ ಶುರು ಮಾಡಿದರು.

ಚೆನ್ನಾಗಿತ್ತು. ಹದಿನೈದು ಸೆಕೆಂಡು.

ಆಮೇಲೆ ಹಾಡು ಮಂದವಾಯಿತು. ಇನ್ನೂ ಮಂದವಾಯಿತು. ಎರಡನೇ ಸುತ್ತಿಗೆ ಅದು ನಡೆಯುತ್ತಿತ್ತು. ಮೂರನೇ ಸುತ್ತಿಗೆ ಕೋಲು ಹಿಡಿದು ನಡೆಯುತ್ತಿತ್ತು. ನಾಲ್ಕನೆಯದರಲ್ಲಿ ಎಲ್ಲರೂ ನಿಲ್ಲಿಸಿದರು.

"ಬೆಂಡೆಕಾಯಿ ಬಲಿತುಹೋಯ್ತು," ಎಂದರು ನುಮಾ.

"ನಾನು ಒಂದು ಸ್ವರ ಊದಿ, ಟೀ ಕುಡಿದು, ಇನ್ನೊಂದು ಸ್ವರ ಊದಿದೆ," ಎಂದರು ಫುಮಿಯೆ.

"ನುಮಾ ನಿಧಾನ ಮಾಡಿದ್ರು," ಎಂದರು ಪ್ರೇಬೆನ್.

"ನಾನಾ? ನೀನು ಹಿಂದೆ ಬಿದ್ದೆ ಅಂತ ಕಾದೆ ಕಣಯ್ಯಾ!"

"ನಾನು ನಿಮಗೋಸ್ಕರ ಕಾದೆ."

ತೊಂದರೆ ಅದೇ. ಇಲ್ಲಿಂದ ಹೊರಟ ತಾಳ ಡೆನ್ಮಾರ್ಕ್ ಮುಟ್ಟಲು ಕಾಲು ಸೆಕೆಂಡು. ಪ್ರೇಬೆನ್ ಅದಕ್ಕೆ ಸರಿಯಾಗಿ ನುಡಿಸಿದ್ದು ಮರಳಿ ಬರಲು ಇನ್ನೊಂದು ಕಾಲು ಸೆಕೆಂಡು. ಅಷ್ಟರಲ್ಲಿ ನುಮಾ ಮುಂದೆ ಹೋಗಿರುತ್ತಾರೆ. ಪ್ರೇಬೆನ್ ಹಿಂದೆ ಬಿದ್ದ ಹಾಗೆ ಕೇಳುತ್ತದೆ. ಪಾಪ ಎಂದು ಇವರು ತಡೆದುಕೊಳ್ಳುತ್ತಾರೆ. ಇವರು ತಡೆದುಕೊಂಡದ್ದು ಕೇಳಿ ಅವರೂ ತಡೆದುಕೊಳ್ಳುತ್ತಾರೆ. ಕೆಟ್ಟ ವಾದ್ಯಗಾರರಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಇನ್ನೊಬ್ಬರು ಏನು ಮಾಡುತ್ತಿದ್ದಾರೆಂದು ಕಿವಿ ಕೊಡದವರು ಹೇಗೋ ಹಾಡಿನ ಕೊನೆ ಮುಟ್ಟುತ್ತಾರೆ. ಇವರು ಮೂವರೂ ಜೀವಮಾನವೆಲ್ಲ ಕಿವಿ ಕೊಟ್ಟು ಬದುಕಿದವರು.

ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಒಂದು ದಾರಿ ಹೇಳಿದೆ.

"ಸರಪಳಿ ಮಾಡೋಣ. ಪಾ ಮೊದಲು. ಅವರು ಯಾರನ್ನೂ ಕೇಳಿಸ್ಕೊಳ್ಳಲ್ಲ, ಸುಮ್ಮನೆ ನುಡಿಸ್ತಾ ಹೋಗ್ತಾರೆ. ಅದು ಪ್ರೇಬೆನ್‌ಗೆ ಮುಟ್ಟುತ್ತೆ. ಪ್ರೇಬೆನ್ ಅದರ ಜೊತೆ ನುಡಿಸಿ, ಎರಡನ್ನೂ ಫುಮಿಯೆಗೆ ಕಳಿಸ್ತಾರೆ. ಫುಮಿಯೆ ಅದರ ಮೇಲೆ ಊದಿ ಮೂರನ್ನೂ ಲೋಕಕ್ಕೆ ಕಳಿಸ್ತಾರೆ. ಕೇಳೋರಿಗೆ ಮೂರೂ ಒಟ್ಟಿಗೆ ಇರುತ್ತೆ. ಯಾವುದೂ ಹಿಂದಕ್ಕೆ ಬರಲ್ಲ."

ಪರದೆಯಲ್ಲಿ ಇಬ್ಬರೂ ತಲೆದೂಗಿದರು. ನುಮಾ ತಲೆದೂಗಲಿಲ್ಲ.

"ಹಂಗಾದ್ರೆ ನನಗೆ?"

"ನಿಮಗೆ ಏನೂ ಕೇಳಿಸಲ್ಲ, ಪಾ."

"ಇಪ್ಪತ್ತು ನಿಮಿಷ ನಾನು ಒಬ್ಬನೇ ನುಡಿಸ್ತಾ ಇರ್ಬೇಕು. ಇವರು ಹಿಂದೆ ಬರ್ತಿದಾರೆ ಅಂತ ನಂಬ್ಕೊಂಡು."

"ಹೌದು."

"ಬೇಬಿ, ಇದನ್ನ ಚರ್ಚಲ್ಲಿ ಹೇಳ್ಕೊಡ್ತಾರೆ. ಅಲ್ಲೂ ನನಗೆ ಬರಲಿಲ್ಲ."

"ನುಮಾ-ಸಾನ್, ನಾನು ಕೊನೆಯವಳು," ಎಂದರು ಫುಮಿಯೆ. "ನನಗೆ ಎಲ್ಲರೂ ಕೇಳಿಸ್ತೀರಿ. ನೀವು ತಪ್ಪು ಮಾಡಿದ್ರೆ ನಾನು ಲೋಕಕ್ಕೆ ಹೇಳಲ್ಲ."

"ನೀನು ಹೇಳಲ್ಲ. ಕ್ಲಾರಿನೆಟ್ಟಲ್ಲಿ ಆಡಿಕೊಳ್ತೀಯ. ನನಗೆ ಗೊತ್ತಿಲ್ವಾ."

ಒಪ್ಪಿದರು. ಅಭ್ಯಾಸ ನಡೆಯಿತು. ನುಡಿಸುವಾಗ ಅವರಿಗೆ ಏನೂ ಕೇಳುತ್ತಿರಲಿಲ್ಲ. ಮುಗಿದ ಮೇಲೆ ಫುಮಿಯೆ ಕಳಿಸಿದ್ದನ್ನು ಎಲ್ಲರೂ ಕೂತು ಕೇಳುತ್ತಿದ್ದೆವು. ತಾಳ ಮಂದವಾಗುವುದು ನಿಂತಿತ್ತು. ಆದರೆ ಬೇರೊಂದು ತೊಂದರೆ ಬಂದಿತ್ತು. ಅದನ್ನು ಹೇಗೆ ಹೇಳುವುದೆಂದು ಪ್ರೇಬೆನ್‌ಗೆ ತಿಳಿಯಲಿಲ್ಲ. ಗಂಟಲು ಸರಿ ಮಾಡಿಕೊಂಡರು.

"ನುಮಾ, ಪ್ರತಿ ಸುತ್ತಿನ ಕೊನೆಗೆ ನೀವು ಒಂದು ಖಾಲಿ ಬಿಡ್ತಿದೀರಿ. ನಾಲ್ಕು ಎಣಿಕೆಯಷ್ಟು."

"ಬಿಡ್ತಿಲ್ಲ."

"ಬಿಡ್ತಿದೀರಿ. ಅಲ್ಲಿ ತಾಳ ಗಟ್ಟಿಯಿಲ್ಲ. ಬರೋವಾಗ ಒಂದೊಂದು ಸಲ ಬೇಗ ಬರ್ತೀರಿ, ಒಂದೊಂದು ಸಲ ತಡವಾಗಿ. ನಾನು ಮೆಟ್ಟಿಲು ತಪ್ಪಿದ ಹಾಗೆ ಬೀಳ್ತೀನಿ."

ನುಮಾ ಮತ್ತೆ ಕೇಳಿದರು. ಖಾಲಿ ಇತ್ತು. ಅವರಿಗೇ ಅದು ಹೊಸದು. ಅವರು ನನ್ನ ಕಡೆ ನೋಡಲಿಲ್ಲ.

ನನಗೆ ಅದು ಗೊತ್ತಿತ್ತು. ಎಂಟು ವರ್ಷ ಗೋಡೆಯ ಆಚೆಯಿಂದ ಕೇಳಿದ್ದೆ. ಸುತ್ತು ಮುಗಿಯುವಲ್ಲಿ ಬೇಸ್ ನಿಲ್ಲುತ್ತದೆ, ಡ್ರಮ್ ಒಂದು ಮಾತು ಹೇಳುತ್ತದೆ, ಬೇಸ್ ಮತ್ತೆ ಹೊರಡುತ್ತದೆ. ಲುಸಿಯೆನ್ ಅಲ್ಲಿ ದಿನಕ್ಕೊಂದು ಹೇಳುತ್ತಿದ್ದ. ಕೆಲವೊಮ್ಮೆ ಬೇಕೆಂದೇ ತಡ ಮಾಡಿ ಅಪ್ಪನನ್ನು ಕಾಯಿಸುತ್ತಿದ್ದ. ನುಮಾ ಬೈಯುವುದು ಗೋಡೆಯ ಈಚೆಗೆ ಕೇಳುತ್ತಿತ್ತು.

"ತುಂಬಿಸ್ತೀನಿ," ಎಂದರು ನುಮಾ. ಮುಂದಿನ ಮೂರು ಅಭ್ಯಾಸದಲ್ಲೂ ತುಂಬಿಸಲು ನೋಡಿದರು. ಕೈ ತಾನಾಗಿಯೇ ನಿಲ್ಲುತ್ತಿತ್ತು.

"ಹೇಳಿದ್ನಲ್ಲ, ಒಂದು ಸಲ ಅಂತ," ಎಂದರು ಶುಕ್ರವಾರ. "ಭಾನುವಾರ ಏನಾಗುತ್ತೋ ಆಗುತ್ತೆ." ಅವತ್ತು ಬೇಸ್‌ಗೆ ಹೊದಿಕೆ ಹಾಕುವಾಗ ಗುಂಡಿಗಳನ್ನೆಲ್ಲ ಹಾಕಿದರು. ಸಾಮಾನ್ಯವಾಗಿ ಎರಡು ಹಾಕುತ್ತಿದ್ದರು.

ನುಡಿಸುವುದು ಜಗಲಿಯಲ್ಲಿ ಎಂದು ತೀರ್ಮಾನವಾಗಿತ್ತು. ಸೆಪ್ಟೆಂಬರ್ ಸೆಕೆ. ಒಳಗೆ ಏಸಿ ಹಾಕಿದರೆ ಅದರ ಗುಂಯ್‌ಗುಡುವಿಕೆ ಮೈಕಿಗೆ ಬರುತ್ತದೆ, ಆರಿಸಿದರೆ ಬೇಸ್‌ನ ಶ್ರುತಿಯೂ ಮಾವನ ಬಿ.ಪಿ.ಯೂ ಕೆಡುತ್ತವೆ. ಜಗಲಿ ಬೀದಿಗೆ ತಾಗಿಕೊಂಡೇ ಇದೆ. ಬೀದಿಯೆಂದರೆ ಗದ್ದಲ. ಹಾಗಾಗಿ ನಾನು ಒಂಬತ್ತು ಮನೆಗಳಿಗೆ ಚೀಟಿ ಬರೆದೆ. ಭಾನುವಾರ ಎಂಟರಿಂದ ಎಂಟು ಇಪ್ಪತ್ತರವರೆಗೆ ದಯವಿಟ್ಟು ಸದ್ದು ಮಾಡಬೇಡಿ. ಹುಲ್ಲು ಕತ್ತರಿಸುವ ಯಂತ್ರ ಬೇಡ. ಹಾಡಬೇಡಿ. ಚಪ್ಪಾಳೆ ಬೇಡ.

ನಮ್ಮ ಬೀದಿಯಲ್ಲಿ ಹೀಗೆ ಬರೆದು ಕೊಟ್ಟವರು ನಾನೇ ಮೊದಲು ಇರಬೇಕು. ಎದುರು ಮನೆಯ ಮಿಸ್ಟರ್ ಕ್ಲೋವಿಸ್ ಚೀಟಿಯನ್ನು ಎರಡು ಸಲ ಓದಿದರು.

"ನನ್ನ ಬಿಷಪ್‌ಗೂ ಒಂದು ಚೀಟಿ ಕೊಡಮ್ಮ."

ಬಿಷಪ್ ಅವರ ಹುಂಜ.

"ಅದನ್ನ ಇಪ್ಪತ್ತು ನಿಮಿಷ ಮುಚ್ಚಿಡೋಕಾಗುತ್ತಾ, ಮಿಸ್ಟರ್ ಕ್ಲೋವಿಸ್?"

"ಬಟ್ಟೆ ಬುಟ್ಟಿ ಕವುಚಿ ಹಾಕ್ತೀನಿ. ರಾತ್ರಿ ಅಂದ್ಕೊಳ್ತಾನೆ. ಅವನಿಗೆ ಬುದ್ಧಿ ಅಷ್ಟೇ ಇರೋದು."

ಮಿಸ್ ಅರ್ಲೀನ್ ಬೇಲಿಯ ಆಚೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅರವತ್ತೆಂಟು ವರ್ಷ, ಚರ್ಚಿನ ಗಾಯನತಂಡದ ಮುಂದಿನ ಸಾಲು. ನಮ್ಮ ಬೀದಿಯಲ್ಲಿ ಮದುವೆಯಾದ ಹಿರಿಯರನ್ನೂ ಮಿಸ್ ಎಂದೇ ಕರೆಯುವುದು. ಅಂಚಿಗೆ ಬಿಲ್ಲೆ ಕಟ್ಟಿದ ಅವರ ಕಂಜರ ಚರ್ಚಿಗೆ ಅವರಿಗಿಂತ ಮೊದಲು ಹೋಗುತ್ತದೆ ಎನ್ನುತ್ತಾರೆ.

"ಯಾವ ಹಾಡು ನುಡಿಸ್ತಿದಾರೆ?"

"ಮೂರು ಹಾಡು, ಮಿಸ್ ಅರ್ಲೀನ್. ಮೊದಲನೇದು ನಿಮ್ಮದೇ."

"ನನ್ನ ಹಾಡು. ನನ್ನ ಬೆಂಡೆಕಾಯಿ. ಲೋಕಕ್ಕೆಲ್ಲ ಕೇಳಿಸ್ತೀರಿ, ನಾನು ಬಾಯಿ ಮುಚ್ಕೊಂಡು ಕೂರ್ಬೇಕು."

"ಇಪ್ಪತ್ತು ನಿಮಿಷ ಅಷ್ಟೇ."

"ನನ್ನ ಗಂಡ ನಲವತ್ತು ವರ್ಷ ಇದನ್ನೇ ಕೇಳ್ಕೊಂಡ, ಬೇಬಿ. ಐದು ನಿಮಿಷಕ್ಕಾದ್ರೂ ಸಾಕು ಅಂತಿದ್ದ." ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. "ನೋಡ್ತೀನಿ. ಬಾಯಿಗೆ ಹೇಳ್ತೀನಿ. ಕೈಗೆ ಹೇಳೋಕಾಗಲ್ಲ."

ಶನಿವಾರ ಪ್ರೇಬೆನ್ ನನಗೊಬ್ಬಳಿಗೇ ಫೋನ್ ಮಾಡಿದರು. ತುಂಬಾ ಹೊತ್ತು ಹವಾಮಾನ ಮಾತಾಡಿದರು. ಆಮೇಲೆ, ಲುಸಿಯೆನ್‌ನ ಡ್ರಮ್ ಜಗಲಿಯಲ್ಲಿ ಕಾಣುವ ಹಾಗೆ ಇಡಬಹುದೇ ಎಂದು ಕೇಳಿದರು. ತಂಡದ ಹೆಸರು ಇನ್ನೂ ಕ್ವಾರ್ಟೆಟ್ ಎಂದೇ ಹಾಕಿದ್ದಾರೆ ಎಂದರು.

ಇಡಬಹುದು ಎಂದೆ.

ಡ್ರಮ್ ಮಂಚದ ಕೆಳಗಿತ್ತು. ಹೆಗಲಿಗೆ ಪಟ್ಟಿ ಹಾಕಿಕೊಂಡು ಬೀದಿಯಲ್ಲಿ ನುಡಿಸುವ ಸಣ್ಣ ಡ್ರಮ್. ಅದರ ಕೆಳಮೈಗೆ ತಂತಿಗಳಿವೆ. ಅವುಗಳಿಂದಲೇ ಅದಕ್ಕೆ ಆ ಝಳ್ ಎನ್ನುವ ಸದ್ದು. ನಮ್ಮಲ್ಲಿ ಶವದ ಮೆರವಣಿಗೆ ಸ್ಮಶಾನಕ್ಕೆ ಹೋಗುವಾಗ ಡ್ರಮ್‌ನವರು ತಂತಿಗಳ ನಡುವೆ ಕರ್ಚೀಫು ತುರುಕುತ್ತಾರೆ, ಸದ್ದು ಮಂಕಾಗುತ್ತದೆ. ಮಣ್ಣಾದ ಮೇಲೆ ಕರ್ಚೀಫು ಎಳೆದು ತೆಗೆಯುತ್ತಾರೆ. ಆಗ ಓಡುವ ಹಾಡು ಶುರು, ಕುಣಿತ ಶುರು. ಲುಸಿಯೆನ್ ಕೊನೆಯ ಸಲ ನುಡಿಸಿದ್ದು ಮಾರ್ಚ್ ಮೊದಲ ವಾರ, ಒಬ್ಬ ಟ್ರಂಪೆಟ್ ವಾದಕನ ಮೆರವಣಿಗೆಯಲ್ಲಿ. ಸ್ಮಶಾನದ ಬಾಗಿಲಲ್ಲಿ ಜೋರು ಮಳೆ ಬಂದು ಎಲ್ಲರೂ ಚದುರಿದರಂತೆ. ನೆನೆದು ತೊಪ್ಪೆಯಾಗಿ ಬಂದವನು ಡ್ರಮ್ ಒರೆಸಿ ಮಂಚದ ಕೆಳಗೆ ತಳ್ಳಿದ್ದ. ಕರ್ಚೀಫು ಅದರಲ್ಲೇ ಇತ್ತು. ನೀಲಿ ಚೌಕಳಿ. ನಾನೇ ತಂದದ್ದು.

ಹಾಗೆಯೇ ಜಗಲಿಗೆ ತಂದು ಕುರ್ಚಿಯ ಮೇಲಿಟ್ಟೆ.

ಭಾನುವಾರ ನುಮಾ ಏಳು ಗಂಟೆಗೆ ಟೈ ಕಟ್ಟಿಕೊಂಡು ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬೀದಿಯ ಎರಡೂ ಕಡೆ ನೋಡಿದರು.

"ಈ ಹೊತ್ತಿಗೆ ಇಷ್ಟು ಜನ ಎದ್ದಿರ್ತಾರಾ?"

ಎದ್ದಿದ್ದರು. ಒಂಬತ್ತು ಜಗಲಿಗಳಲ್ಲೂ ಜನ ಇದ್ದರು. ಕುರ್ಚಿ ಹಾಕಿಕೊಂಡು, ಕಾಫಿ ಹಿಡಿದುಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲುಗಾಡದೆ ಕೂತಿದ್ದರು. ಮಿಸ್ಟರ್ ಕ್ಲೋವಿಸ್ ತಮ್ಮ ಅಂಗಳದಲ್ಲಿ ಕವುಚಿದ ಬುಟ್ಟಿಯ ಮೇಲೆಯೇ ಕೂತಿದ್ದರು. ಮಿಸ್ ಅರ್ಲೀನ್ ಚರ್ಚಿಗೆ ಹೋಗುವ ಟೋಪಿ ಹಾಕಿದ್ದರು. ಕಂಜರ ಮಡಿಲಲ್ಲಿತ್ತು.

ನಾನು ಕಂಜರ ನೋಡಿದೆ. ಅವರು ಆಕಾಶ ನೋಡಿದರು.

ನಮ್ಮ ಮುಂಚೆ ಕೇಪ್‌ಟೌನ್‌ನ ಒಂದು ತಂಡ ಇತ್ತು. ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೇ ಅಡುಗೆಮನೆಯಲ್ಲಿ ನಿಂತು ನುಡಿಸುತ್ತಿದ್ದರು. ಹಿರಿಯವಳು ಕಿರಿಯವಳ ಕಾಲು ತುಳಿದಳು. ಆದರೂ ಬಿಗಿಯಾಗಿತ್ತು, ಕೂದಲೆಳೆಯಷ್ಟೂ ಸಂದಿಲ್ಲ.

"ಅದೃಷ್ಟವಂತ ಕಣಮ್ಮ ಆ ಮನುಷ್ಯ," ಎಂದರು ನುಮಾ, ಪರದೆಯ ಮೇಲಿನ ಅಪ್ಪನನ್ನು ನೋಡುತ್ತಾ. "ಎಲ್ಲರೂ ಕೈಗೆಟುಕೋ ಹಾಗಿದಾರೆ."

ನಾನು ಆ ಮಾತನ್ನು ಕೇಳಿಸಿಕೊಂಡೆ. ಯೋಚಿಸಲಿಲ್ಲ. ಎಂಟು ಗಂಟೆಯಾಗಿತ್ತು.

ಡ್ರಮ್ ಇದ್ದ ಕುರ್ಚಿಯ ಪಕ್ಕ ನಾನು ಮೆಟ್ಟಿಲ ಮೇಲೆ ಕೂತೆ. ಕಂಪ್ಯೂಟರ್ ತೊಡೆಯ ಮೇಲೆ, ಸದ್ದು ಆರಿಸಿ. ಪ್ರೇಬೆನ್ ಕೈಯೆತ್ತಿದರು. ಫುಮಿಯೆ ಕೈಯೆತ್ತಿದರು. ನುಮಾ ಕಾಲಿನಿಂದ ನಾಲ್ಕು ಎಣಿಸಿದರು.

ಬೇಸ್ ಒಂದೇ ಕೇಳಿದರೆ ಹಾಡು ಮನೆ ಕಟ್ಟುವಾಗಿನ ಕಂಬಗಳ ಹಾಗಿರುತ್ತದೆ. ಗೋಡೆ ಎಲ್ಲೋ ಬೇರೆ ಊರಲ್ಲಿ ಏಳುತ್ತಿರುತ್ತದೆ. ಪರದೆಯಲ್ಲಿ ಪ್ರೇಬೆನ್‌ರ ಬೆರಳುಗಳು ಓಡುತ್ತಿದ್ದವು, ಸದ್ದಿಲ್ಲದೆ. ಫುಮಿಯೆಯ ಕೆನ್ನೆ ಉಬ್ಬಿತು, ಸದ್ದಿಲ್ಲದೆ. ಬೀದಿಯೂ ಸದ್ದಿಲ್ಲದೆ ಕೂತಿತ್ತು. ನುಮಾ ಒಬ್ಬರೇ ಎಪ್ಪತ್ತಾರು ವರ್ಷದ ಬೆರಳುಗಳಿಂದ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಿದ್ದರು.

ಮೊದಲ ಸುತ್ತು ಮುಗಿಯಿತು. ಖಾಲಿ ಬಂತು. ಒಂದು, ಎರಡು, ಮೂರು, ನಾಲ್ಕು. ನುಮಾ ಹೊರಟರು. ಸ್ವಲ್ಪ ಬೇಗ. ಪ್ರೇಬೆನ್‌ರ ಹುಬ್ಬು ಮೇಲೆ ಹೋಯಿತು.

ಎರಡನೇ ಸುತ್ತು. ಖಾಲಿ. ಈ ಸಲ ತಡವಾಗಿ ಹೊರಟರು. ಅವರ ಹಣೆಯಿಂದ ಬೆವರು ಮೂಗಿನ ತುದಿಗೆ ಬಂದಿತ್ತು. ಕಣ್ಣು ಪರದೆಯ ಮೇಲಿತ್ತು, ಅಲ್ಲಿ ಅವರಿಗೆ ಬೇಕಾದ್ದೇನೂ ಇರಲಿಲ್ಲ. ಎಡಗೈ ಬೇಸ್‌ನ ಕತ್ತಿನ ಮೇಲೆ ಸಡಿಲವಾಗಿತ್ತು. ಹೀಗೆ ಸಡಿಲವಾದಾಗ ಅಭ್ಯಾಸದಲ್ಲಿ ಅವರು ನಿಲ್ಲಿಸಿಬಿಡುತ್ತಿದ್ದರು.

ಮೂರನೇ ಸುತ್ತಿನ ಕೊನೆ. ಖಾಲಿ.

ಝಲ್.

ಮಿಸ್ ಅರ್ಲೀನ್‌ರ ಕಂಜರ. ಒಂದೇ ಸಲ. ಅವರೇ ಬೆಚ್ಚಿದರು. ಇನ್ನೊಂದು ಕೈಯಿಂದ ಕಂಜರದ ಕೈಯನ್ನು ಹಿಡಿದುಕೊಂಡರು, ಬೇರೆಯವರ ಕೈ ಎಂಬಂತೆ.

ನಾನು ಸುಮ್ಮನಿರಿ ಎನ್ನಲು ಕೈಯೆತ್ತಿದೆ.

ಎತ್ತಿದ ಕೈ ಹಾಗೆಯೇ ಇತ್ತು, ನುಮಾ ಅವರ ಮುಖ ಕಂಡಿತು. ಅವರು ಪರದೆ ನೋಡುತ್ತಿರಲಿಲ್ಲ. ಕತ್ತು ಬೇಲಿಯ ಕಡೆ ತಿರುಗಿತ್ತು. ಕಿವಿ ಅಲ್ಲಿತ್ತು. ಅವರು ಹೊರಟಿದ್ದರು, ಬೇಗ ಅಲ್ಲ, ತಡ ಅಲ್ಲ.

ಆಗ ನನಗೆ ಹೊಳೆಯಿತು. ಕಾಲು ಸೆಕೆಂಡಿನ ತಡ ಇರುವುದು ಸಮುದ್ರದ ಆಚೆಯವರಿಗೆ. ಬೇಲಿಯ ಆಚೆಯವರಿಗಲ್ಲ. ಸರಪಳಿಯಲ್ಲಿ ಮೊದಲು ನಿಂತವರ ಪಕ್ಕದಲ್ಲಿ ಎಷ್ಟು ಜನ ಬೇಕಾದರೂ ನಿಲ್ಲಬಹುದು, ಕೇಪ್‌ಟೌನ್‌ನ ಆ ಅಡುಗೆಮನೆಯ ಹಾಗೆ. ನುಮಾ ಜೊತೆ ಅದೇ ಕ್ಷಣದಲ್ಲಿ ನುಡಿಸಬಲ್ಲವರು ಲೋಕದಲ್ಲಿ ಈ ಒಂಬತ್ತು ಮನೆಯವರು ಮಾತ್ರ. ಅವರಿಗೇ ನಾನು ಚೀಟಿ ಕೊಟ್ಟು ಬಾಯಿ ಮುಚ್ಚಿಸಿದ್ದೆ. ಗದ್ದಲದಲ್ಲಿ ಡಿಗ್ರಿ ಪಡೆದವಳು.

ನಾಲ್ಕನೇ ಸುತ್ತು ಕೊನೆಗೆ ಬಂತು. ಕೈ ಇನ್ನೂ ಮೇಲೆಯೇ ಇತ್ತು. ಮಿಸ್ ಅರ್ಲೀನ್ ಅದನ್ನೇ ನೋಡುತ್ತಿದ್ದರು, ಇಡೀ ಬೀದಿ ನೋಡುತ್ತಿತ್ತು. ನಾನು ಕೈಯನ್ನು ಡ್ರಮ್‌ನ ಮೇಲೆ ಇಳಿಸಿದೆ.

ಥಪ್.

ಮಂಕು ಸದ್ದು. ಒದ್ದೆ ಮರಳಿನ ಮೇಲೆ ಬಡಿದ ಹಾಗೆ. ಆದರೆ ಜಾಗ ಸರಿಯಿತ್ತು. ನಾನು ಡ್ರಮ್ ಎಂದೂ ನುಡಿಸಿದವಳಲ್ಲ. ಆ ಜಾಗ ಮಾತ್ರ ಗೊತ್ತು.

ನುಮಾ ನನ್ನ ಕಡೆ ನೋಡಿದರು. ನೋಡುತ್ತಲೇ ನುಡಿಸಿದರು. ಮಿಸ್ ಅರ್ಲೀನ್‌ಗೆ ಅಷ್ಟು ಸಾಕಾಯಿತು. ಎದ್ದು ನಿಂತರು. ಕಂಜರ ತಲೆಯ ಮೇಲೆ ಹೋಯಿತು. ಆ ಕಡೆಯ ಜಗಲಿಯಲ್ಲಿ ಚಪ್ಪಾಳೆ ಶುರುವಾಯಿತು, ನಮ್ಮ ಬೀದಿಯ ಚಪ್ಪಾಳೆ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವಂಥದು. ಯಾರೋ ಕಾಫಿ ಬಟ್ಟಲಿಗೆ ಚಮಚ ಬಡಿದರು. ಯಾರೋ ಕಸದ ಡಬ್ಬದ ಮುಚ್ಚಳ ತಂದರು. ಮಿಸ್ಟರ್ ಕ್ಲೋವಿಸ್ ಕುಣಿಯಲು ಎದ್ದರು, ಬುಟ್ಟಿ ಉರುಳಿತು. ಬಿಷಪ್ ಹೊರಬಂದು, ಇಪ್ಪತ್ತು ನಿಮಿಷದ ರಾತ್ರಿ ಮೂರೇ ನಿಮಿಷಕ್ಕೆ ಬೆಳಗಾದದ್ದಕ್ಕೆ ಗಟ್ಟಿಯಾಗಿ ಕೂಗಿತು.

ಪರದೆಯಲ್ಲಿ ಪ್ರೇಬೆನ್ ಮೊದಲು ಹೆದರಿದರು. ಆಮೇಲೆ ನಕ್ಕರು, ಬಾಯಿ ತೆರೆದು, ಹಲ್ಲು ಕಾಣುವ ಹಾಗೆ. ಅವರ ಹಲ್ಲು ನಾನು ಮೊದಲ ಸಲ ನೋಡಿದ್ದು. ಫುಮಿಯೆ ಕಣ್ಣು ಮುಚ್ಚಿ ಊದುತ್ತಾ ಕಾಲು ಕುಣಿಸುತ್ತಿದ್ದರು. ಬಾಗಿಲಿಗೆ ಒರಗಿಸಿದ್ದ ಹಾಸಿಗೆ ಮೆಲ್ಲಗೆ ಜಾರಿ ಅವರ ಹಿಂದೆ ಬಿತ್ತು. ಅವರು ತಿರುಗಲಿಲ್ಲ.

ಇನ್ನೊಂದು ಖಾಲಿ ಬರುವುದರೊಳಗೆ ನಾನು ಡ್ರಮ್ ಓರೆ ಮಾಡಿ ಕರ್ಚೀಫಿನ ತುದಿ ಹುಡುಕಿದೆ. ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಎಳೆದೆ. ಬಂತು.

ಝಳ್.

ನುಮಾ ಬೇಸ್ ಹಿಂದಿನಿಂದ ಕೂಗಿದರು. "ಹಾಂ! ಈಗ ಸರಿ!"

ಆ ಹಾಡನ್ನು ಆರು ನಿಮಿಷಕ್ಕೆ ಮುಗಿಸಬೇಕಿತ್ತು. ಇಪ್ಪತ್ತು ನಿಮಿಷವೂ ಅದನ್ನೇ ನುಡಿಸಿದರು. ಉಳಿದ ಎರಡು ಹಾಡು ಯಾರಿಗೂ ನೆನಪಾಗಲಿಲ್ಲ. ಪರದೆಯ ಪಕ್ಕದಲ್ಲಿ ನೋಡುವವರ ಮಾತುಗಳು ಮೇಲೇರುತ್ತಿದ್ದವು, ನಾನು ಓದದ ಎಷ್ಟೋ ಲಿಪಿಗಳಲ್ಲಿ. ಅವು ಇಪ್ಪತ್ತು ಸೆಕೆಂಡು ತಡವಾಗಿ ಬರುತ್ತವೆ. ನಾವು ಮುಗಿಸಿ, ಮಿಸ್ ಅರ್ಲೀನ್ ಟೋಪಿ ಸರಿ ಮಾಡಿಕೊಂಡು ಕೂತ ಮೇಲೂ ಅಲ್ಲಿ ಜನ ಕುಣಿಯುತ್ತಿದ್ದರು.

ಎಂಟೂವರೆಗೆ ಮೂವರೂ ಮಾಮೂಲಿ ಕರೆಯಲ್ಲಿ ಬಂದರು. ಈಗ ಎಲ್ಲರಿಗೂ ಎಲ್ಲರೂ ಕೇಳಿಸುತ್ತಿತ್ತು, ಎಲ್ಲರೂ ಒಟ್ಟಿಗೆ ಮಾತಾಡಿದರು.

"ಆ ಕೋಳಿ ಯಾರದು?" ಎಂದರು ಫುಮಿಯೆ. "ನನಗಿಂತ ಅರ್ಧ ಸ್ವರ ಮೇಲಿತ್ತು. ನಾನೇ ಅವನಿಗೆ ಹೊಂದಿಕೊಂಡೆ."

"ಬಿಷಪ್ಪು," ಎಂದರು ನುಮಾ. "ಯಾರಿಗೂ ಹೊಂದಿಕೊಳ್ಳಲ್ಲ."

"ಕಂಜರದವಳು ನಾನು!" ಎಂದು ಮಿಸ್ ಅರ್ಲೀನ್ ಬೇಲಿಯ ಆಚೆಯಿಂದ ಕೂಗಿದರು. "ಹೇಳಿ ಅವರಿಗೆ! ಬೆಂಡೆಕಾಯಿಯೂ ನಾನೇ ಅಂತ ಹೇಳಿ!"

ಪ್ರೇಬೆನ್ ಗಂಟಲು ಸರಿ ಮಾಡಿಕೊಂಡರು.

"ಡ್ರಮ್ ಯಾರು ನುಡಿಸಿದ್ದು?"

ನುಮಾ ಟೈ ಸಡಿಲಿಸುತ್ತಿದ್ದರು.

"ನನ್ನ ಸೊಸೆ. ಕೆಟ್ಟದಾಗಿ ಹೊಡೀತಾಳೆ. ಕೋಲು ಹಿಡಿಯೋಕೂ ಬರಲ್ಲ. ಮುಂದಿನ ತಿಂಗಳಷ್ಟರಲ್ಲಿ ಸರಿ ಮಾಡ್ತೀನಿ."

"ಮುಂದಿನ ತಿಂಗಳಾ?" ಎಂದರು ಪ್ರೇಬೆನ್.

"ಯಾಕೆ, ನಿನಗೆ ಬೇರೆ ಕೆಲಸ ಇದೆಯಾ?"

"ಇಲ್ಲ, ಇಲ್ಲ."

"ಎಂಟು ಗಂಟೆ ಬೇಡ. ಒಂಬತ್ತು ಮಾಡಿ. ನಾನೂ ಮನುಷ್ಯ."

"ಒಂಬತ್ತು ಅಂದ್ರೆ ನನಗೆ ರಾತ್ರಿ ಹನ್ನೊಂದು," ಎಂದರು ಫುಮಿಯೆ.

"ಇನ್ನೊಂದು ಹಾಸಿಗೆ ಒರಗಿಸು."

ಮಿಸ್ ಅರ್ಲೀನ್ ಬೇಲಿಯ ಮೇಲಿಂದ ಮುಚ್ಚಿದ ಪಾತ್ರೆ ದಾಟಿಸಿದರು. ಗಂಬೋ, ಇನ್ನೂ ಬಿಸಿ. ತಮ್ಮ ಕೈ ಚೀಟಿ ಮೀರುತ್ತದೆಂದು ಗೊತ್ತಿದ್ದವರು ಬೆಳಗ್ಗೆ ಐದಕ್ಕೇ ಎದ್ದು ಅಡುಗೆ ಮಾಡಿಟ್ಟಿದ್ದರು. ನುಮಾ ಜಗಲಿಯಲ್ಲೇ ಎರಡು ತಟ್ಟೆ ಉಂಡು ಕುರ್ಚಿಯಲ್ಲಿ ನಿದ್ದೆ ಹೋದರು. ಬೇಸನ್ನು ಒಳಗೆ ತಂದು ಮೂಲೆಯಲ್ಲಿ ನಿಲ್ಲಿಸಿದೆ. ಹೊದಿಕೆ ಎಲ್ಲಿ ಇಟ್ಟಿದ್ದರೋ ಸಿಗಲಿಲ್ಲ. ನಾನೂ ಹೆಚ್ಚು ಹುಡುಕಲಿಲ್ಲ.

ಕರ್ಚೀಫು ಹಿತ್ತಲಿನ ತೊಟ್ಟಿಯಲ್ಲಿ ಒಗೆದೆ. ಮಾರ್ಚಿನ ಕೆಸರು ಸ್ವಲ್ಪ ಬಿಟ್ಟಿತು. ಹಗ್ಗದ ಮೇಲೆ ಹರವಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿತ್ತು.